ಧಾರವಾಡದವರು ಎಂದರೆ ಯಾರು?

ಹೋದ ವರ್ಷ ರಾಜ್ಯೋತ್ಸವದ ಹೊತ್ತಿಗೆ ಕನ್ನಡ ತರಗತಿಯ ಗೋಡೆಗೆ ಒಂದು ಭಿತ್ತಿಪತ್ರ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ವಿಷಯವನ್ನು ನಾನೇ ಆರಿಸಿಕೊಂಡೆ: 'ಧಾರವಾಡದ ಗಣ್ಯರು'. ನಮ್ಮೂರು ಅದೇ ಆದ್ದರಿಂದ ಒಂದು ಸಂಜೆಯಲ್ಲಿ ಮುಗಿಯುವ ಕೆಲಸ ಎಂದುಕೊಂಡಿದ್ದೆ. ಚಾಟ್ಸ್‌ವುಡ್‌ನ ಮನೆಯಲ್ಲಿ ಊಟದ ಮೇಜಿನ ಮೇಲೆ ದಪ್ಪ ಹಾಳೆ ಹರಡಿ ಬೇಂದ್ರೆ, ಗೋಕಾಕ, ಕಾರ್ನಾಡ, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಎಂದು ಬರೆಯುತ್ತಾ ಹೋದೆ. ಪಕ್ಕದಲ್ಲಿ ಫೋಟೊ ಅಂಟಿಸುತ್ತಿದ್ದ ಮಗಳು ಕೇಳಿದಳು: "ಅಪ್ಪಾ, ಇವರೆಲ್ಲ ಧಾರವಾಡದಲ್ಲೇ ಹುಟ್ಟಿದವರಾ?"

ಅವಳು ಮೆಲ್ಬರ್ನ್‌ನಲ್ಲಿ ಹುಟ್ಟಿದವಳು, ಸಿಡ್ನಿಯಲ್ಲಿ ಬೆಳೆಯುತ್ತಿರುವವಳು, ಅಜ್ಜಿಯ ಬಾಯಲ್ಲಿ 'ಧಾರವಾಡದ ಹುಡುಗಿ'. ಹಾಗಾಗಿ ಪ್ರಶ್ನೆ ಅವಳಿಗೆ ಸುಮ್ಮನೆ ಹೊಳೆದದ್ದಲ್ಲ ಎಂದು ನನಗೆ ಅನ್ನಿಸಿತು. 'ಹೌದು' ಎನ್ನಲು ಬಾಯಿ ತೆರೆದು ನಿಲ್ಲಿಸಿದೆ. ಆಮೇಲೆ ಒಬ್ಬೊಬ್ಬರ ಜನ್ಮಸ್ಥಳವನ್ನು ಹುಡುಕಿ ಹೆಸರಿನ ಮುಂದೆ ಬರೆಯುತ್ತಾ ಬಂದೆವು. ಆ ಹುಡುಕಾಟವೇ ಈ ಲೇಖನ.

ಪಟ್ಟಿ ಮತ್ತು ಜನ್ಮಸ್ಥಳ

ಮೊದಲು ಸಾಹಿತ್ಯವನ್ನು ತೆಗೆದುಕೊಳ್ಳೋಣ. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳಲ್ಲಿ ನಾಲ್ಕರ ಜತೆ ಧಾರವಾಡದ ಹೆಸರು ಸೇರಿಕೊಂಡಿದೆ: ದ.ರಾ. ಬೇಂದ್ರೆ (1973), ವಿ.ಕೃ. ಗೋಕಾಕ (1990), ಗಿರೀಶ ಕಾರ್ನಾಡ (1998), ಚಂದ್ರಶೇಖರ ಕಂಬಾರ (2010). ಇವರಲ್ಲಿ ಧಾರವಾಡದಲ್ಲಿ ಹುಟ್ಟಿದವರು ಬೇಂದ್ರೆ ಒಬ್ಬರೇ, 1896ರ ಜನವರಿ 31ರಂದು. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಕಾರ್ನಾಡರು ಹುಟ್ಟಿದ್ದು ಮಹಾರಾಷ್ಟ್ರದ ಮಾಥೇರಾನ್‌ನಲ್ಲಿ, ಬಾಲ್ಯ ಕಳೆದದ್ದು ಶಿರಸಿಯಲ್ಲಿ. ಕಂಬಾರರು ಬೆಳಗಾವಿ ಜಿಲ್ಲೆಯ ಘೋಡಗೇರಿಯವರು.

ಸಂಗೀತಕ್ಕೆ ಬಂದರೆ, ಗಂಗೂಬಾಯಿ ಹಾನಗಲ್ ಅವರು 1913ರಲ್ಲಿ ಧಾರವಾಡದಲ್ಲೇ ಹುಟ್ಟಿದರು. ಮಲ್ಲಿಕಾರ್ಜುನ ಮನಸೂರರು ಧಾರವಾಡದ ಮಗ್ಗುಲಿನ ಮನಸೂರು ಹಳ್ಳಿಯವರು, 1910ರಲ್ಲಿ ಹುಟ್ಟಿದವರು. ಬಸವರಾಜ ರಾಜಗುರು ಯಲಿವಾಳದವರು. ಭೀಮಸೇನ ಜೋಶಿ ಈಗಿನ ಗದಗ ಜಿಲ್ಲೆಯವರು. ಬಾಳ್ವೆ ಮಾಡಿದ್ದು ಪುಣೆಯಲ್ಲಿ. ಕುಮಾರ ಗಂಧರ್ವರು ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಕಲಿತು ಮಧ್ಯಪ್ರದೇಶದ ದೇವಾಸದಲ್ಲಿ ನೆಲೆಸಿದವರು. ಆದರೂ ಐದು ಜನರನ್ನೂ 'ಧಾರವಾಡದ ಪಂಚರತ್ನ' ಎಂಬಂತೆ ಎಣಿಸುವುದು ನಮ್ಮ ಕಡೆ ರೂಢಿ.

ನಾಡು ನುಡಿಯ ಕೆಲಸ ಮಾಡಿದವರ ಕಥೆಯೂ ಹೀಗೇ ಇದೆ. ಕರ್ನಾಟಕದ ಕುಲಪುರೋಹಿತರೆಂದು ಹೆಸರಾದ ಆಲೂರ ವೆಂಕಟರಾಯರು ಹುಟ್ಟಿದ್ದು ವಿಜಯಪುರದಲ್ಲಿ, 1880ರಲ್ಲಿ. ಶಂ.ಬಾ. ಜೋಶಿಯವರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಚೆನ್ನವೀರ ಕಣವಿಯವರು ಹೊಂಬಳದವರು. ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿದ ಡಿ.ಸಿ. ಪಾವಟೆಯವರು ಗೋಕಾಕ ಹತ್ತಿರದ ಮಮದಾಪುರದವರು. ನಮ್ಮ ಕಾಲಕ್ಕೆ ಬಂದರೆ, ಇನ್ಫೋಸಿಸ್ ಮತ್ತು ಆಧಾರ್‌ನಿಂದ ಎಲ್ಲರಿಗೂ ಗೊತ್ತಿರುವ ನಂದನ್ ನಿಲೇಕಣಿ ಬೆಂಗಳೂರಿನಲ್ಲಿ ಹುಟ್ಟಿ, ಹನ್ನೆರಡರ ಸುಮಾರಿಗೆ ಧಾರವಾಡದ ಚಿಕ್ಕಪ್ಪನ ಮನೆಗೆ ಬಂದು ಅಲ್ಲಿ ಶಾಲೆ ಓದಿದವರು.

ಕಡೆಗೆ ಪೇಢೆ ಕೂಡ ಹೊರಗಿನದೇ. ಉತ್ತರ ಪ್ರದೇಶದ ಉನ್ನಾವದಿಂದ ವಲಸೆ ಬಂದ ಠಾಕೂರ ಮನೆತನ ಅದನ್ನು ಧಾರವಾಡದಲ್ಲಿ ಮಾಡಲು ಶುರುಮಾಡಿತೆಂದು ಹೇಳುತ್ತಾರೆ. ಇಂದು ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಕಾನೂನಿನ ಪ್ರಕಾರವೇ ಅದು ಧಾರವಾಡದ್ದು.

ನನ್ನ ಭಿತ್ತಿಪತ್ರದ ಹೆಸರುಗಳಲ್ಲಿ ಹುಟ್ಟಿನಿಂದ ಧಾರವಾಡದವರು ಎನ್ನಬಹುದಾದವರು ಇಬ್ಬರು. ಮನಸೂರರನ್ನು ಸೇರಿಸಿಕೊಂಡರೆ ಮೂವರು. ಹಾಗಾದರೆ ಮಿಕ್ಕವರನ್ನು 'ನಮ್ಮಾಂವ' ಎನ್ನಲು ಊರಿಗೆ ಯಾವ ಹಕ್ಕಿದೆ? ಆ ಹಕ್ಕು ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಊರು ತಯಾರಾದ ಬಗೆ

ಪೇಶ್ವೆಗಳ ಆಳ್ವಿಕೆ 1818ರಲ್ಲಿ ಮುಗಿದ ಮೇಲೆ ಧಾರವಾಡ ಇಂಗ್ಲಿಷರ ಕೈಗೆ ಬಂದು, ಮುಂಬಯಿ ಪ್ರಾಂತದ ಒಂದು ಜಿಲ್ಲೆಯ ಮುಖ್ಯ ಊರಾಯಿತು. ಕಚೇರಿ, ಕೋರ್ಟು ಬಂದವು. ಅವುಗಳ ಹಿಂದೆ ವಕೀಲರು, ಗುಮಾಸ್ತರು, ಮಾಸ್ತರರು ಬಂದರು. ಆದರೆ ಆಡಳಿತದಲ್ಲಿ ಮತ್ತು ಶಾಲೆಗಳಲ್ಲಿ ಮೆರೆಯುತ್ತಿದ್ದದ್ದು ಮರಾಠಿ. ಕನ್ನಡ ಮನೆಯ ಮಕ್ಕಳು ಸಹ ಓದು ಬರಹವನ್ನು ಮರಾಠಿಯಲ್ಲಿ ಕಲಿಯುತ್ತಿದ್ದ ಕಾಲ ಅದು.

ಇದನ್ನು ಬದಲಿಸಿದವರು ಮುಖ್ಯವಾಗಿ ಶಿಕ್ಷಣ ಇಲಾಖೆಯ ಜನ. ಡೆಪ್ಯುಟಿ ಚೆನ್ನಬಸಪ್ಪನವರು ಧಾರವಾಡದಲ್ಲಿ ಮಾಸ್ತರರನ್ನು ತಯಾರು ಮಾಡುವ ಶಾಲೆಯನ್ನು ನಡೆಸಿದರು, ಹಳ್ಳಿಹಳ್ಳಿಗೆ ಕನ್ನಡ ಶಾಲೆ ಬರುವಂತೆ ದುಡಿದರು, ಬಿಡುವಿನಲ್ಲಿ ಶೇಕ್ಸ್‌ಪಿಯರನ ನಾಟಕವನ್ನೂ ಕನ್ನಡಕ್ಕೆ ತಂದರು. ರಸೆಲ್‌ರಂಥ ಇಂಗ್ಲಿಷ್ ಅಧಿಕಾರಿಗಳು ಅವರ ಬೆನ್ನಿಗಿದ್ದರು. ಬಾಸೆಲ್ ಮಿಷನ್ ಅದಕ್ಕೂ ಮೊದಲೇ, 1830ರ ದಶಕದಲ್ಲಿ, ಊರಿಗೆ ಬಂದು ಶಾಲೆ ತೆರೆದಿತ್ತು.

1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರ ಮುಂದಾಳತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಕನ್ನಡದಲ್ಲಿ ಪುಸ್ತಕ ಬರೆಸುವುದು, ಬರೆದವರಿಗೆ ಬಹುಮಾನ ಕೊಡುವುದು, ಅಚ್ಚು ಹಾಕಿಸುವುದು ಅದರ ಕೆಲಸ. 'ವಾಗ್ಭೂಷಣ' ಎಂಬ ಪತ್ರಿಕೆಯನ್ನೂ ಅದು ಹೊರಡಿಸಿತು. ವಿಜಯಪುರದಲ್ಲಿ ಹುಟ್ಟಿದ ವಕೀಲ ಆಲೂರ ವೆಂಕಟರಾಯರು ವಕೀಲಿ ಬಿಟ್ಟು ನಾಡಿನ ಕೆಲಸಕ್ಕೆ ನಿಂತದ್ದು ಈ ಸಂಘದ ಆವರಣದಲ್ಲೇ. ಅವರ 'ಕರ್ನಾಟಕ ಗತವೈಭವ' 1917ರಲ್ಲಿ ಬಂತು. ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರಿಗೆ ತಾವು ಒಂದೇ ನಾಡಿನವರು ಎಂಬ ಭಾವನೆ ಬರಲು ಆ ಪುಸ್ತಕ ಮಾಡಿದಷ್ಟನ್ನು ಬೇರೊಂದು ಮಾಡಿಲ್ಲ.

ಅದೇ 1917ರಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು. ರೊದ್ದ ಶ್ರೀನಿವಾಸರಾಯರಂಥವರು ಮನೆಮನೆಗೆ ತಿರುಗಿ ಹಣ ಕೂಡಿಸಿದ್ದರು. ಕಾಲೇಜಿನ ಆ ಭವ್ಯ ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿತ್ತು. ರೈಲ್ವೆ ಕಂಪನಿಗಳು ಒಂದಾಗಿ ಮುಖ್ಯ ಕಚೇರಿ ಮದರಾಸಿಗೆ ಹೋದ ಮೇಲೆ, ಆ ಕಟ್ಟಡದಲ್ಲಿ ಕಾಲೇಜು ಬಂತು. ಗೋಕಾಕರು, ಕಾರ್ನಾಡರು ಓದಿದ್ದು ಅಲ್ಲೇ. ಗೋಕಾಕರು ಮುಂದೆ ಅದೇ ಕಾಲೇಜಿಗೆ ಪ್ರಾಂಶುಪಾಲರಾಗಿ ಬಂದರು.

ಆಮೇಲೆ ಒಂದರ ಹಿಂದೊಂದು ಸಂಸ್ಥೆಗಳು ಬಂದವು. 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ, 1949ರಲ್ಲಿ ಸ್ಥಾಪನೆಯಾಗಿ ಮರುವರ್ಷ ಮುಂಬಯಿಯಿಂದ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯ, 1950ರ ಜನವರಿ 8ರಂದು ಆಕಾಶವಾಣಿ. ಹುಬ್ಬಳ್ಳಿ ವ್ಯಾಪಾರದ ಊರಾಗಿ ಬೆಳೆಯಿತು, ಧಾರವಾಡ ಮಾಸ್ತರರ ಊರಾಗಿ ಬೆಳೆಯಿತು. 1962ರಲ್ಲಿ ಎರಡೂ ಊರು ಒಂದೇ ನಗರಪಾಲಿಕೆಗೆ ಸೇರಿದವು. 2011ರ ಜನಗಣತಿಯಲ್ಲಿ ಎರಡೂ ಕೂಡಿ 9.4 ಲಕ್ಷ ಜನ. ಬೆಂಗಳೂರಿನ ಮುಂದೆ ಇದು ಸಣ್ಣ ಲೆಕ್ಕ. ಆದರೆ ಓದಲಿಕ್ಕೆ, ಕಲಿಸಲಿಕ್ಕೆ, ಬರೆಯಲಿಕ್ಕೆ ಬಂದವರಿಗೆ ಒಂದು ಸಂಬಳ, ಒಂದು ಗ್ರಂಥಾಲಯ, ನಾಲ್ಕು ಜನ ಕೂತು ವಾದ ಮಾಡಲು ಒಂದು ಕಟ್ಟೆ ಇಷ್ಟು ಸಿಗುವ ಊರು ಉತ್ತರ ಕರ್ನಾಟಕದಲ್ಲಿ ಆಗ ಬೇರೆ ಇರಲಿಲ್ಲ.

ಹಾಡು ಬಂದ ದಾರಿ

ಕನ್ನಡ ನೆಲದಲ್ಲಿ ಹಿಂದುಸ್ತಾನಿ ಸಂಗೀತ ಇಷ್ಟು ಗಟ್ಟಿಯಾಗಿ ಹೇಗೆ ಬೇರು ಬಿಟ್ಟಿತು ಎಂದು ಇಲ್ಲಿನ ಮಕ್ಕಳು ಕೇಳುತ್ತಾರೆ. ಇದಕ್ಕೆ ರೈಲು ಒಂದು ಕಾರಣ. ಮುಂಬಯಿ, ಪುಣೆ, ಮಿರಜದ ಗವಾಯಿಗಳಿಗೆ ಮೈಸೂರು ಅರಮನೆಯಿಂದ ಕರೆ ಬರುತ್ತಿತ್ತು. ಹೋಗುವಾಗ ಬರುವಾಗ ಅವರು ಹುಬ್ಬಳ್ಳಿ ಧಾರವಾಡದಲ್ಲಿ ಇಳಿಯುತ್ತಿದ್ದರು. ಕೇಳುವವರು ಇದ್ದರು, ಕಲಿಯುವವರೂ ಸಿಕ್ಕರು. ಮರಾಠಿ ನಾಟಕ ಕಂಪನಿಗಳು ಅದೇ ದಾರಿಯಲ್ಲಿ ತಿರುಗುತ್ತಾ ರಾಗದಾರಿ ಹಾಡನ್ನು ಸಾಮಾನ್ಯರ ಕಿವಿಗೂ ಮುಟ್ಟಿಸಿದವು.

ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ ಸಾಹೇಬರು ಉತ್ತರ ಪ್ರದೇಶದ ಕೈರಾನಾದಲ್ಲಿ ಹುಟ್ಟಿ ಮಿರಜದಲ್ಲಿ ನೆಲೆಸಿದವರು. ಅವರ ಶಿಷ್ಯರು ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಬಳಿ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಕಲಿತರು. ಭೀಮಸೇನರು ಗುರುವನ್ನು ಹುಡುಕಿಕೊಂಡು ಹನ್ನೊಂದನೆಯ ವಯಸ್ಸಿಗೆ ಮನೆ ಬಿಟ್ಟು ಉತ್ತರ ಹಿಂದುಸ್ತಾನವೆಲ್ಲ ಅಲೆದರು. ಗುರು ಸಿಕ್ಕದ್ದು ತಮ್ಮ ಮನೆಯ ಹತ್ತಿರದ ಕುಂದಗೋಳದಲ್ಲಿ.

ಮನಸೂರರು ಬಾಲಕರಾಗಿ ನಾಟಕ ಕಂಪನಿ ಸೇರಿ, ಮಿರಜದ ನೀಲಕಂಠಬುವಾ ಆಲೂರಮಠರ ಬಳಿ ಗ್ವಾಲಿಯರ್ ಗಾಯಕಿ ಕಲಿತು, ಆಮೇಲೆ ಜೈಪುರ ಅತ್ರೌಲಿ ಘರಾಣೆಯ ಮಂಜಿ ಖಾನ್ ಮತ್ತು ಭೂರ್ಜಿ ಖಾನ್ ಅವರ ಶಿಷ್ಯರಾದರು. ಸಿತಾರ ರತ್ನ ರಹಿಮತ್ ಖಾನರು ಹೊರಗಿನಿಂದ ಬಂದು ಧಾರವಾಡದಲ್ಲೇ ನಿಂತರು; ಅವರ ಮಕ್ಕಳು, ಮೊಮ್ಮಕ್ಕಳು ಊರಿಗೆ ಸಿತಾರ ಕಲಿಸಿದರು.

ಕಿರಾಣಾ, ಗ್ವಾಲಿಯರ್, ಜೈಪುರ ಈ ಯಾವ ಹೆಸರೂ ಧಾರವಾಡದ್ದಲ್ಲ. ಗಾಯನದಲ್ಲಿ ಧಾರವಾಡ ಘರಾಣೆ ಎಂಬುದೊಂದು ಇಲ್ಲ. ಊರು ಮಾಡಿದ ಕೆಲಸ ಬೇರೆ: ಬೇರೆ ಬೇರೆ ಕಡೆಯ ವಿದ್ಯೆಯನ್ನು ಕಲಿತುಬಂದವರಿಗೆ ಉಳಿಯಲು ಜಾಗ ಕೊಟ್ಟಿತು. ಮನಸೂರರು ಆಕಾಶವಾಣಿಯಲ್ಲಿ ಸಂಗೀತ ಸಲಹೆಗಾರರಾಗಿ, ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಮುಖ್ಯಸ್ಥರಾಗಿ ದುಡಿದರು. ದೇಶವೆಲ್ಲ ಕರೆದರೂ ಅವರು ಧಾರವಾಡದ ತಮ್ಮ 'ಮೃತ್ಯುಂಜಯ' ಮನೆಗೇ ಮರಳುತ್ತಿದ್ದರು. 1992ರಲ್ಲಿ ಪದ್ಮವಿಭೂಷಣ ಬಂದ ವರ್ಷವೇ ಅವರು ತೀರಿಕೊಂಡರು. ಆ ಮನೆ ಈಗ ಸ್ಮಾರಕ.

ಹುಟ್ಟಿದವರನ್ನು ಊರು ನಡೆಸಿಕೊಂಡ ಬಗೆ

ಇಲ್ಲಿಯವರೆಗೆ ಬರೆದದ್ದನ್ನು ಓದಿ ಧಾರವಾಡದ ಓದುಗರು ಮೀಸೆ ತಿರುವಬಹುದು. ಆದರೆ ಅಲ್ಲೇ ಹುಟ್ಟಿದ ಆ ಇಬ್ಬರ ಕಥೆಯನ್ನೂ ನಾವು ಮಕ್ಕಳಿಗೆ ಹೇಳಬೇಕು.

ಗಂಗೂಬಾಯಿಯವರ ತಾಯಿ ಅಂಬಾಬಾಯಿ ಒಳ್ಳೆಯ ಕರ್ನಾಟಕ ಸಂಗೀತಗಾರ್ತಿ. ಅಬ್ದುಲ್ ಕರೀಂ ಖಾನರು ಸಹ ಅವರ ಮನೆಗೆ ಬಂದು ಹಾಡು ಕೇಳುತ್ತಿದ್ದರು. ಮನೆತನ ಹಾಡುವ ಹೆಂಗಸರ ಮನೆತನ. ಧಾರವಾಡದ ಶುಕ್ರವಾರಪೇಟೆಯಲ್ಲಿ ಹುಡುಗಿ ಓಡಾಡುವಾಗ 'ಗಾನೇವಾಲಿ' ಎಂದು ಹಂಗಿಸುತ್ತಿದ್ದ ದಿನಗಳನ್ನು ಗಂಗೂಬಾಯಿಯವರು ಕಡೆಯವರೆಗೂ ನೆನೆಯುತ್ತಿದ್ದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಅವರಿದ್ದರು. ಹಾಡಿದ ಖುಷಿಗಿಂತ, ಊಟದ ಹೊತ್ತಿಗೆ ತನ್ನನ್ನು ಬೇರೆ ಕೂರಿಸುತ್ತಾರೋ ಏನೋ ಎಂಬ ಅಂಜಿಕೆಯೇ ಆ ಮಗುವಿನ ಮನಸ್ಸಿನಲ್ಲಿತ್ತು.

ಮಗಳಿಗೆ ಹಿಂದುಸ್ತಾನಿ ಕಲಿಸಬೇಕೆಂದು ಅಂಬಾಬಾಯಿಯವರು ಮನೆಯನ್ನೇ ಹುಬ್ಬಳ್ಳಿಗೆ ಬದಲಿಸಿದರು. ಮಗಳ ಕಂಠದಲ್ಲಿ ಎರಡು ಪದ್ಧತಿ ಬೆರೆಯಬಾರದೆಂದು ತಾವು ಹಾಡುವುದನ್ನೇ ಬಿಟ್ಟರು. 1932ರಲ್ಲಿ ಅವರು ತೀರಿಕೊಂಡಾಗ ಮಗಳಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆ ಮಗಳು ಮುಂದೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಪಾಠ ಮುಂದುವರಿಸಿದರು. 2002ರಲ್ಲಿ ಪದ್ಮವಿಭೂಷಣ ಪಡೆದರು. 2009ರಲ್ಲಿ ಹುಬ್ಬಳ್ಳಿಯಲ್ಲೇ ತೀರಿಕೊಂಡರು. ಯಾವ ಗಣ್ಯರ ಪಟ್ಟಿಯಲ್ಲೂ ಅಂಬಾಬಾಯಿಯವರ ಹೆಸರು ನಾನು ಕಂಡಿರಲಿಲ್ಲ. ನನ್ನ ಪಟ್ಟಿಯಲ್ಲೂ ಇರಲಿಲ್ಲ.

ಬೇಂದ್ರೆಯವರ ಮನೆಮಾತು ಮರಾಠಿ. ಕನ್ನಡದ ವರಕವಿಯಾಗಲು ಅದು ಅಡ್ಡಿಯಾಗಲಿಲ್ಲ. ಪುಣೆಯಲ್ಲಿ ಓದಿ ಬಂದು ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರರಾದರು, ಗೆಳೆಯರ ಗುಂಪು ಕಟ್ಟಿದರು. 'ನರಬಲಿ' ಕವಿತೆಗಾಗಿ 1932ರಲ್ಲಿ ಸರಕಾರ ಅವರನ್ನು ಹಿಂಡಲಗಾ ಜೈಲಿಗೆ ಹಾಕಿತು. ಹೊರಬಂದ ಮೇಲೆ ವರ್ಷಗಟ್ಟಲೆ ಗಟ್ಟಿಯಾದ ನೌಕರಿ ಇರಲಿಲ್ಲ. ಆ ಕಷ್ಟದ ದಿನಗಳಲ್ಲಿ ಅವರಿಗೆ ಬೆಂಬಲವಾಗಿ ನಿಂತವರಲ್ಲಿ ದೂರದ ಬೆಂಗಳೂರಿನ ಮಾಸ್ತಿಯವರು ಒಬ್ಬರು. ಕಡೆಗೆ 1944ರಲ್ಲಿ ಕಾಲೇಜು ಅಧ್ಯಾಪಕರಾಗಿ ಸೊಲ್ಲಾಪುರಕ್ಕೆ ಹೋಗಿ ಹನ್ನೆರಡು ವರ್ಷ ಅಲ್ಲೇ ಇರಬೇಕಾಯಿತು. ಸಾಧನಕೇರಿಯ ಮನೆಗೆ ಅವರು ಪೂರ್ತಿಯಾಗಿ ಮರಳಿದ್ದು ನಿವೃತ್ತಿಯಾದ ಮೇಲೆ.

ಇತ್ತೀಚಿನ ಒಂದು ನೋವನ್ನೂ ಬಿಡುವಂತಿಲ್ಲ. ವಿಜಯಪುರ ಜಿಲ್ಲೆಯ ಹಳ್ಳಿಯಿಂದ ಬಂದು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲೇ ಪ್ರಾಧ್ಯಾಪಕರಾಗಿ, ವಚನ ಮತ್ತು ಶಾಸನಗಳ ಸಂಶೋಧನೆಗೆ ಬಾಳನ್ನೇ ಕೊಟ್ಟ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ವಾದ ಮಾಡಲಿಕ್ಕೆ ಕಟ್ಟೆ ಹಾಕಿಕೊಟ್ಟ ಊರು ನಮ್ಮದು ಎಂದು ಹೆಮ್ಮೆಪಡುವಾಗ ಇದನ್ನೂ ನೆನೆಯಬೇಕು.

ಅಟ್ಟದ ಮೇಲಿನ ಕೆಲಸ

ಊರಿಗೆ ಬಂದವರನ್ನು ಊರಿನವರನ್ನಾಗಿ ಮಾಡಿದ್ದು ಯಾರು ಎಂದು ಕೇಳಿದರೆ ನಾನು ಸುಭಾಸ ರಸ್ತೆಯ ಒಂದು ಅಟ್ಟವನ್ನು ತೋರಿಸುತ್ತೇನೆ. ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರುಮಾಡಿದರು. ವರ್ಷಕ್ಕಿಷ್ಟು ಚಂದಾ ಕೊಟ್ಟ ಸದಸ್ಯರಿಗೆ ಹೊಸ ಪುಸ್ತಕಗಳು ಮನೆಗೆ ಬರುತ್ತಿದ್ದವು. ದೊಡ್ಡ ಬಂಡವಾಳ ಇರಲಿಲ್ಲ. ಕಿರಿಯ ಲೇಖಕರ ಹೊಸ ಪುಸ್ತಕ ಅಚ್ಚಾಗಲು ಈ ಸದಸ್ಯರ ಚಂದಾ ಹಣವೇ ಆಧಾರ. ಅಟ್ಟದ ಮೇಲೆ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರೂ ಇರುತ್ತಿದ್ದರು, ಬಂದವರ ಹಸ್ತಪ್ರತಿ ಓದುತ್ತಿದ್ದರು.

ಕೊಂಕಣಿ ಮನೆಮಾತಿನ, ಮಾಥೇರಾನ್‌ನಲ್ಲಿ ಹುಟ್ಟಿದ, ಗಣಿತ ಮತ್ತು ಸಂಖ್ಯಾಶಾಸ್ತ್ರ ಓದಿದ ಹುಡುಗನೊಬ್ಬ ಆಕ್ಸ್‌ಫರ್ಡ್‌ಗೆ ಹೊರಡುವ ಹೊತ್ತಿನಲ್ಲಿ ಕನ್ನಡದಲ್ಲಿ ಒಂದು ನಾಟಕ ಬರೆದ. ಅದು 'ಯಯಾತಿ'. ಗ್ರಂಥಮಾಲೆ ಅದನ್ನು 1961ರಲ್ಲಿ ಪ್ರಕಟಿಸಿತು. ಆಗ ಕಾರ್ನಾಡರು ಇಂಗ್ಲೆಂಡಿನಲ್ಲಿದ್ದರು, ವಯಸ್ಸು ಇಪ್ಪತ್ಮೂರು. ಮೂರೇ ವರ್ಷದಲ್ಲಿ 'ತುಘಲಕ್' ಬಂತು. ಅರ್ಧ ಶತಮಾನದ ನಂತರ 2011ರಲ್ಲಿ ತಮ್ಮ ಆತ್ಮಕಥೆಯನ್ನೂ ಅವರು ಅದೇ ಗ್ರಂಥಮಾಲೆಗೆ ಕೊಟ್ಟರು.

ಚಂದಾ ಕೊಟ್ಟ ಆ ಸದಸ್ಯರ ಹೆಸರು ಯಾವ ಭಿತ್ತಿಪತ್ರದಲ್ಲೂ ಬರುವುದಿಲ್ಲ. ಅವರು ಹೆಚ್ಚಾಗಿ ಮಾಸ್ತರರು, ಗುಮಾಸ್ತರು. ಮನೆಮನೆಗೆ ಹೋಗಿ ಕಾಲೇಜಿಗೆ ಹಣ ಬೇಡಿದವರು, ಹಳ್ಳಿಯ ಹುಡುಗರಿಗೆ ಊಟ ಹಾಕಿ ಓದಿಸಿದ ಮಠಗಳವರು, ಚಿಕ್ಕಪ್ಪ ದೊಡ್ಡಪ್ಪಂದಿರು ಇವರೆಲ್ಲ ಅದೇ ಸಾಲಿನವರು. ಧಾರವಾಡಕ್ಕೆ ಆ ಹಕ್ಕನ್ನು ಗಳಿಸಿಕೊಟ್ಟವರು ಇವರೇ.

ಚಾಟ್ಸ್‌ವುಡ್‌ಗೆ ಬಂದಾಗ

ಮಗಳ ಪ್ರಶ್ನೆಗೆ ಉತ್ತರವಾಗಿ ಇಷ್ಟೆಲ್ಲ ಹೇಳಿದ ಮೇಲೆ ಅವಳು ಕೇಳಿದ್ದು ಸಣ್ಣದೇ: "ಹಾಗಾದರೆ ಚಾಟ್ಸ್‌ವುಡ್‌ನಿಂದ ಯಾರು?" ಆ ಹುಡುಕಾಟದಲ್ಲಿ ಸಿಕ್ಕ ಒಂದು ಹೆಸರನ್ನು ಇಲ್ಲಿ ಹೇಳಲೇಬೇಕು.

ಆಸ್ಟ್ರೇಲಿಯಾದ ಪ್ರಧಾನಿಯಾಗಿದ್ದ ಗಾಫ್ ವಿಟ್ಲಮ್ ಹುಟ್ಟಿದ್ದು 1916ರಲ್ಲಿ, ಮೆಲ್ಬರ್ನ್‌ನ ಕ್ಯೂ ಬಡಾವಣೆಯಲ್ಲಿ. ತಂದೆ ಸರಕಾರಿ ವಕೀಲರು. ನೌಕರಿಯ ಸಲುವಾಗಿ ಮನೆ ಸಿಡ್ನಿಗೆ ಬಂತು. ಹುಡುಗ ಮೊದಲ ಅಕ್ಷರ ಕಲಿತದ್ದು ಚಾಟ್ಸ್‌ವುಡ್‌ನ ಒಂದು ಚರ್ಚ್ ಶಾಲೆಯಲ್ಲಿ, ಆಮೇಲೆ ಓದಿದ್ದು ಇಲ್ಲಿಯದೇ ಆದ ಮೌಬ್ರೆ ಹೌಸ್ ಶಾಲೆಯಲ್ಲಿ. ಮುಂದೆ ತಂದೆಯ ಕೆಲಸ ಕ್ಯಾನ್‌ಬೆರಾಕ್ಕೆ ಹೋಯಿತು, ಮನೆಯೂ ಹೋಯಿತು.

ನಮಗೆ ಇವರ ಹೆಸರು ಬರೀ ಪಟ್ಟಿಯ ಹೆಸರಲ್ಲ. ಬಿಳಿಯರಲ್ಲದವರನ್ನು ಹೊರಗಿಡಲು 1901ರಲ್ಲಿ ಈ ದೇಶ ಮಾಡಿದ ವಲಸೆ ಕಾನೂನಿನ ಬಿಗಿ 1950 ಮತ್ತು 60ರ ದಶಕಗಳಲ್ಲಿ ಸಡಿಲವಾಗುತ್ತಾ ಬಂದಿತ್ತು. ವಲಸಿಗರನ್ನು ಆರಿಸುವಾಗ ಜನಾಂಗವನ್ನು ನೋಡಬಾರದು ಎಂಬ ನೀತಿಯನ್ನು 1973ರಲ್ಲಿ ತಂದು ಅದಕ್ಕೆ ಕೊನೆ ಹಾಡಿದ್ದು ವಿಟ್ಲಮ್ ಸರಕಾರ. 1975ರಲ್ಲಿ ಜನಾಂಗ ತಾರತಮ್ಯದ ವಿರುದ್ಧ ಕಾನೂನು ಬಂದದ್ದೂ ಅವರ ಕಾಲದಲ್ಲೇ. ನಮ್ಮಲ್ಲಿ ಹೆಚ್ಚಿನವರು ಬಂದದ್ದು ಆ ಬಾಗಿಲು ತೆರೆದ ಮೇಲೆ.

ಮೆಲ್ಬರ್ನ್‌ನಲ್ಲಿ ಹುಟ್ಟಿ ಚಾಟ್ಸ್‌ವುಡ್‌ನಲ್ಲಿ ಅಕ್ಷರ ಕಲಿತವರು ಎಂದಾಗ ಮಗಳು ನಕ್ಕಳು. "ನನ್ನ ಹಾಗೇ" ಎಂದಳು.

ಅವಳು ಗಣ್ಯಳಾಗಬೇಕು, ಪಟ್ಟಿಗೆ ಸೇರಬೇಕು ಎಂಬ ಹಂಬಲದಿಂದ ಇದನ್ನು ಬರೆಯುತ್ತಿಲ್ಲ. ನಮ್ಮ ಸಂಘಗಳು ಪ್ರತಿ ವರ್ಷ ಊರಿನ ದೊಡ್ಡವರ ಫೋಟೊಗಳಿಗೆ ಹಾರ ಹಾಕುತ್ತವೆ. ಅದು ಬೇಕು. ಅದರ ಜತೆಗೆ ಶನಿವಾರ ಭಾನುವಾರದ ಕನ್ನಡ ತರಗತಿಗೆ ಜಾಗ ಹುಡುಕುವವರು, ಪುಸ್ತಕ ತರಿಸುವವರು, ಹೊಸದಾಗಿ ಬಂದ ವಿದ್ಯಾರ್ಥಿಗೆ ನಾಲ್ಕು ದಿನ ಮನೆಯಲ್ಲಿ ಜಾಗ ಕೊಡುವವರು ನಮ್ಮಲ್ಲಿ ಇದ್ದಾರೆ. ಧಾರವಾಡವನ್ನು ಧಾರವಾಡ ಮಾಡಿದ ಕೆಲಸ ಈ ಬಗೆಯದೇ. ಬೇರೆ ಕಡೆ ಹುಟ್ಟಿ, ಮನೆಯಲ್ಲಿ ಬೇರೆ ಮಾತಾಡುವ ಮಕ್ಕಳೂ ಆ ತರಗತಿಗೆ ಬಂದಾರು. ಅವರ ಹೆಸರನ್ನು ಬರೆದುಕೊಳ್ಳುವಾಗ ಬೇಂದ್ರೆಯವರ ಮನೆಮಾತನ್ನೂ ಕಾರ್ನಾಡರ ಜನ್ಮಸ್ಥಳವನ್ನೂ ನೆನಪಿಟ್ಟುಕೊಂಡರೆ ಸಾಕು.

ಭಿತ್ತಿಪತ್ರ ಕಡೆಗೂ ಮುಗಿಯಿತು. ಪ್ರತಿ ಹೆಸರಿನ ಕೆಳಗೆ ಎರಡು ಸಾಲು: ಹುಟ್ಟಿದ ಊರು, ಧಾರವಾಡದಲ್ಲಿ ಅವರಿಗೆ ಕಲಿಸಿದವರು ಅಥವಾ ಆಸರೆ ಕೊಟ್ಟವರು. ಗಂಗೂಬಾಯಿಯವರ ಫೋಟೊದ ಕೆಳಗೆ ಎರಡನೆಯ ಸಾಲನ್ನು ಮಗಳೇ ತನ್ನ ಕೈಬರಹದಲ್ಲಿ ಬರೆದಿದ್ದಾಳೆ: 'ತಾಯಿ ಅಂಬಾಬಾಯಿ'. ಬಾ ಗೆ ದೀರ್ಘ ಮರೆತಿದ್ದಳು, ಆಮೇಲೆ ತಿದ್ದಿದಳು.